ಚಿಮಣಿಯ ಪರವಾಗಿ ಒಂದು ಠರಾವು

ಪುರಸಭೆಯ ಅಧ್ಯಕ್ಷರು ಬೇಕರಿಯವರು. ಅವರ ಬೇಕರಿಯ ಮಗ್ಗುಲಲ್ಲೇ ಅವರ ಅಕ್ಕನ ಲಾಂಡ್ರಿ. ಎರಡಕ್ಕೂ ನಡುವೆ ಒಂದೇ ಗೋಡೆ. ಈ ಕಡೆ ಬನ್ನಿನ ಒಲೆ, ಆ ಕಡೆ ನೀರು ಕಾಯಿಸುವ ಬಾಯ್ಲರ್. ತಾಯಿ ಇದ್ದ ಕಾಲಕ್ಕೆ ಆ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ ಇತ್ತು. ಬಿಸಿ ಬನ್ನು ಆ ಕಡೆ ಹೋಗುತ್ತಿತ್ತು, ಇಸ್ತ್ರಿಯಾದ ಅಂಗಿ ಈ ಕಡೆ ಬರುತ್ತಿತ್ತು. ಈಗ ಕಿಟಕಿಗೆ ಇಟ್ಟಿಗೆ ಕಟ್ಟಿದೆ. ಈ ಕಡೆಯಿಂದ ತಮ್ಮ ಕಟ್ಟಿಸಿದ್ದು ಸಾಲದೆಂದು ಆ ಕಡೆಯಿಂದ ಅಕ್ಕನೂ ಕಟ್ಟಿಸಿದ್ದಳು.

ಜಗಳ ಚಿಮಣಿಯದು. ಬೇಕರಿಯ ಚಿಮಣಿಯಿಂದ ಹೊರಟ ಮಸಿ, ಗಾಳಿ ಯಾವ ಕಡೆಗೆ ಬೀಸಿದರೂ, ಲಾಂಡ್ರಿಯ ತಾರಸಿಯ ಮೇಲೆ ಒಣಹಾಕಿದ ಆಸ್ಪತ್ರೆಯ ಚಾದರಗಳನ್ನೇ ಹುಡುಕಿಕೊಂಡು ಬಂದು ಕೂರುತ್ತಿತ್ತು. ಅಕ್ಕನ ಅಂಗಡಿ ನಡೆಯುತ್ತಿದ್ದುದೇ ಆ ಚಾದರಗಳಿಂದ. ಹೋದ ವಾರ ಆಸ್ಪತ್ರೆಯ ದೊಡ್ಡ ನರ್ಸಮ್ಮ ಬಂದು, ಇನ್ನೊಂದು ಸಲ ಕಪ್ಪು ಚುಕ್ಕೆ ಕಂಡರೆ ಬಟ್ಟೆಯನ್ನು ಬೇರೆ ಊರಿಗೆ ಕಳಿಸುತ್ತೇವೆ ಎಂದು ಮೆತ್ತಗೆ ಹೇಳಿ ಹೋಗಿದ್ದರು. ಜೋರಾಗಿ ಹೇಳಿದ್ದರೆ ಅಕ್ಕನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಲೋಕದ ದೇಶಗಳೆಲ್ಲ ಒಂದೆಡೆ ಕೂತು, ಭೂಮಿ ಬಿಸಿಯಾಗುತ್ತಿದೆ, ಎಲ್ಲರೂ ಹೊಗೆ ಕಡಿಮೆ ಮಾಡೋಣ ಎಂದು ಒಂದು ಒಪ್ಪಂದ ಮಾಡಿಕೊಂಡವು. ಆ ಸುದ್ದಿ ಅಧ್ಯಕ್ಷರಿಗೆ ತಲುಪಿದ್ದು ಕಟಿಂಗ್ ಅಂಗಡಿಯಲ್ಲಿ. ಅಂಗಡಿಯವರು ಪುರಸಭೆಯ ಸದಸ್ಯರೂ ಹೌದು. ಹೊರದೇಶದವರು ಅಳತೆಪಟ್ಟಿ ಹಿಡಿದು ಬರುತ್ತಾರಂತೆ, ಮನೆಮನೆ ನೋಡುತ್ತಾರಂತೆ, ಚಿಮಣಿ ಕಂಡಲ್ಲಿ ಇಟ್ಟಿಗೆ ಕಟ್ಟಿ ಮುಚ್ಚುತ್ತಾರಂತೆ ಎಂದು ಅವರು ಕ್ಷೌರ ಮಾಡುತ್ತಲೇ ಹೇಳಿದರು. ಕತ್ತಿ ಗಂಟಲ ಮೇಲಿರುವಾಗ ಕೇಳಿದ ಸುದ್ದಿಯನ್ನು ನಂಬದೆ ಇರುವುದು ಕಷ್ಟ. ಅದರ ಮೇಲೆ, ಪಕ್ಕದೂರಿನ ಪುರಸಭೆ ಆಗಲೇ ಒಪ್ಪಂದವನ್ನು ವಿರೋಧಿಸಿ ಠರಾವು ಮಾಡಿ, ಅದರ ಅಧ್ಯಕ್ಷರ ಫೋಟೋ ಪೇಪರಿನಲ್ಲಿ ಬಂದಿತ್ತು. ನಮ್ಮ ಅಧ್ಯಕ್ಷರು ಮುಖದ ನೊರೆ ಒರೆಸಿಕೊಳ್ಳುವಷ್ಟರಲ್ಲಿ ವಿಶೇಷ ಸಭೆ ಕರೆಯುವ ತೀರ್ಮಾನಕ್ಕೆ ಬಂದಿದ್ದರು.

ಸಭೆ ಮಹಡಿಯ ಹಾಲಿನಲ್ಲಿ. ಹಸಿರು ಬಟ್ಟೆ ಹಾಸಿದ ಉದ್ದ ಮೇಜು, ಕಿರುಗುಟ್ಟುವ ಫ್ಯಾನು. ಕೆಳಗಿನ ನೀರಿನ ತೆರಿಗೆ ಕೌಂಟರಿನ ಮಾತೆಲ್ಲ ಮೆಟ್ಟಿಲು ಹತ್ತಿ ಬರುತ್ತಿತ್ತು. ಅಕ್ಕನೂ ಸದಸ್ಯೆ. ಹೊರಗೆ ಮುಖ ಕೊಟ್ಟು ಮಾತಾಡದ ಅಕ್ಕ ತಮ್ಮ ಈ ಹಾಲಿನೊಳಗೆ ಮಾತ್ರ, ಬೇರೆ ದಾರಿಯಿಲ್ಲದೆ, ಒಬ್ಬರಿಗೊಬ್ಬರು ಬಹುವಚನದಲ್ಲಿ ಮಾತಾಡುತ್ತಿದ್ದರು. ಅಧ್ಯಕ್ಷರು ಎದ್ದು, ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಕೈ ಎತ್ತಿ ಮುಗಿಸಿಬಿಡೋಣ, ಒಲೆಯ ಮೇಲೆ ಕೆಲಸವಿದೆ ಎಂದರು.

ಅಕ್ಕ ಎದ್ದಳು. "ಓದದೆ ತಿರಸ್ಕರಿಸೋ ಹಾಗಿಲ್ಲ ಅಧ್ಯಕ್ಷರೇ. ನಿಯಮ ನಿಮ್ಮದೇ."

ನಿಯಮ ನಿಜಕ್ಕೂ ಅವರದೇ. ಹಿಂದೊಮ್ಮೆ ಅವರು ಸಂತೆಕಟ್ಟೆಗೆ ಚಾವಣಿ ಹಾಕಿಸಲು ಬರೆದು ತಂದದ್ದನ್ನು ಸದಸ್ಯರು ತಲೆಬರಹ ಕೇಳಿಯೇ ತಳ್ಳಿಹಾಕಿದ್ದರು. ಆ ಸಿಟ್ಟಿಗೆ ಅವರು, ಯಾವುದನ್ನೇ ಆಗಲಿ ಈ ಸಭೆ ಕೊನೆಯ ತನಕ ಓದಿಸಿ ಕೇಳದೆ ತಿರಸ್ಕರಿಸಬಾರದು, ಓದು ಮುಗಿಯುವವರೆಗೆ ಯಾರೂ ಏಳಲೂಬಾರದು ಎಂದು ನಿಯಮ ಮಾಡಿಸಿದ್ದರು. ಅಂದು ಮೊದಲು ಕೈ ಎತ್ತಿದವಳು ಅಕ್ಕ. ಆಗ ಇನ್ನೂ ಕಿಟಕಿ ತೆರೆದಿತ್ತು.

ಓದಬೇಕಾದವರು ಪುರಸಭೆಯ ಗುಮಾಸ್ತರು, ಅಂದರೆ ಅಕ್ಕನ ಗಂಡ, ಅಧ್ಯಕ್ಷರ ಭಾವ. ಅವರು ಈ ಊರಿಗೆ ಹೊಸದಾಗಿ ಬಂದಾಗ ಇವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಮುಸ್ಸಂಜೆ ದೀಪ ಹಚ್ಚಿ ಇವರ ತಾಯಿ ಪದ್ಯ ಓದಲು ಕೂತರೆ ಅವರು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. ಪದ್ಯಕ್ಕೆಂದು ಇಳಿದು ಬಂದವರು ಅಳಿಯನಾಗಿ ಉಳಿದರು. ಮನೆಯಲ್ಲಿ ಅವರಿಂದ ಒಂದು ಮಾತು ಹೊರಡಿಸುವುದು ಹರಸಾಹಸ. ಹೆಂಡತಿ ಒಂದು ಕಡೆ, ಬಾಮೈದ ಒಂದು ಕಡೆ ಕೂಗಾಡುವಾಗ ಅವರು ಸೂರು ನೋಡುತ್ತಾ ಕೂರುತ್ತಿದ್ದರು. ಆದರೆ ಕೈಗೆ ಓದುವ ಹಾಳೆ ಬಂತೆಂದರೆ ಅತ್ತೆಯ ರಾಗವೇ ಬಾಯಿಗೆ ಬರುತ್ತಿತ್ತು. ಅದೇ ಏರು, ಅದೇ ಇಳಿ, ಸಾಲಿನ ಕೊನೆಯಲ್ಲಿ ದೇವರಿಗೆ ಒಪ್ಪಿಸಿದ ಹಾಗೆ ಅದೇ ಒಂದು ನಿಲುಗಡೆ. ಚರಂಡಿ ಪೈಪಿನ ಟೆಂಡರನ್ನು ಅವರು ಓದಿದ ದಿನ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಇನ್ನೊಂದು ಅಭ್ಯಾಸವೂ ಅತ್ತೆಯಿಂದಲೇ ಬಂದದ್ದು. ಒಂದು ಭಾಗ ಮುಗಿದಾಗ ಕೇಳುವವರಲ್ಲಿ ಯಾರಾದರೂ ಹೂಂ ಎನ್ನಬೇಕು. ಎನ್ನದಿದ್ದರೆ ಅವರು ಕನ್ನಡಕದ ಮೇಲಿಂದ ನೋಡುತ್ತಾ ನಿಲ್ಲುತ್ತಿದ್ದರು.

ಒಪ್ಪಂದ ದಪ್ಪವಾಗಿತ್ತು. ಮೇಲಿನ ಕಚೇರಿಯವರು ನಮ್ಮ ಭಾಷೆಗೆ ಇಳಿಸಿ ಕಳಿಸಿದ್ದರಾದರೂ ಅರ್ಧದಷ್ಟನ್ನು ಇಳಿಸುವಾಗ ಎಲ್ಲೋ ಬೀಳಿಸಿದಂತಿತ್ತು. ಗುಮಾಸ್ತರು ಪೀಠಿಕೆಯನ್ನು ಹಿಡಿದು ಎಳೆದ ಎಳೆತಕ್ಕೆ ಕಟಿಂಗ್ ಅಂಗಡಿಯವರು ತೂಕಡಿಸಿದರು. ಇನ್ನೊಬ್ಬ ಸದಸ್ಯರಾದ ಗಡಿಯಾರ ರಿಪೇರಿಯವರು, ಅಭ್ಯಾಸಬಲದಿಂದ, ನಿಂತುಹೋದ ಗೋಡೆ ಗಡಿಯಾರವನ್ನೇ ನೋಡುತ್ತಾ ಕೂತರು. ಅಧ್ಯಕ್ಷರು ಮೇಜಿನ ಮೇಲೆ ಬೆರಳಾಡಿಸಿ ಕೊನೆಗೆ, "ಭಾವ, ಸ್ವಲ್ಪ ಓಡಿಸಿ" ಎಂದರು.

"ಓಡ್ಸೋಕೆ ಇದೇನು ಸೈಕಲ್ಲಾ ಅಧ್ಯಕ್ಷರೇ?" ಎಂದರು ಭಾವ. "ನೀವು ಮಾತಾಡಿದ್ದಕ್ಕೆ ಎಲ್ಲಿದ್ದೆ ಅನ್ನೋದೇ ತಪ್ಪೋಯ್ತು. ಮೊದಲಿಂದ ಓದ್ಲಾ?"

ಇಡೀ ಸಭೆ ಬೇಡ ಬೇಡ ಎಂದು ಕೈಮುಗಿಯಿತು.

ಓದು ಸಾಗಿತು. ತೆರಿಗೆ ಕಟ್ಟಲು ಬಂದವರು ಒಬ್ಬೊಬ್ಬರಾಗಿ ಮೇಲೆ ಬಂದು ಮೆಟ್ಟಿಲ ಮೇಲೆ ಕೂತರು. ಹೂಂ ಎನ್ನುವ ಕೆಲಸವನ್ನು ಮೊದಲು ಅಕ್ಕ ಮಾಡಿದಳು, ಆಮೇಲೆ ಗಡಿಯಾರದವರು. ಯಾವಾಗಲೋ ಒಮ್ಮೆ ಇಬ್ಬರೂ ಮರೆತಾಗ ಅಧ್ಯಕ್ಷರ ಬಾಯಿಂದ ತಾನಾಗಿಯೇ ಹೂಂ ಬಂತು. ಚಿಕ್ಕಂದಿನಲ್ಲಿ ಹಿಟ್ಟು ನಾದುತ್ತಾ ಅಮ್ಮನಿಗೆ ಹೇಳುತ್ತಿದ್ದ ಹೂಂ ಅದು. ಅಕ್ಕ ತಟ್ಟನೆ ತಮ್ಮನ ಕಡೆ ನೋಡಿ, ಅಷ್ಟೇ ಬೇಗ ಹಾಲಿನ ಕಿಟಕಿಯ ಕಡೆ ನೋಡಿದಳು.

ಹೊಗೆಗೆ ಗಡಿಯೆಂಬುದಿಲ್ಲ, ಒಬ್ಬರು ಬಿಟ್ಟದ್ದು ಎಲ್ಲರ ತಲೆಯ ಮೇಲೂ ಇಳಿಯುತ್ತದೆ ಎಂಬ ಸಾಲು ಬಂತು. ಅಕ್ಕ ಎಷ್ಟು ಉದ್ದಕ್ಕೆ ಹೂಂ ಎಂದಳೆಂದರೆ ಕಟಿಂಗ್ ಅಂಗಡಿಯವರಿಗೆ ಎಚ್ಚರವಾಯಿತು. ಹಿಂದಿನಿಂದಲೂ ಹೆಚ್ಚು ಹೊಗೆ ಬಿಟ್ಟವರು ಮೊದಲು ಹೊರೆ ಹೊರತಕ್ಕದ್ದು ಎಂಬ ಸಾಲು ಬಂದಾಗ ಅವಳು ಅದನ್ನು ಇನ್ನೊಮ್ಮೆ ಓದಬೇಕೆಂದು ಗಂಡನನ್ನು ಕೇಳಿದಳು. ಅವರು ಇನ್ನಷ್ಟು ಎಳೆದು ಓದಿದರು.

"ಅದು ದೇಶಗಳ ಬಗ್ಗೆ ಹೇಳಿದ್ದು" ಎಂದರು ಅಧ್ಯಕ್ಷರು.

"ನಾನು ಯಾವ ಬೇಕರಿ ಹೆಸರೂ ಎತ್ತಲಿಲ್ಲವಲ್ಲ ಅಧ್ಯಕ್ಷರೇ."

ಆದರೆ ಒಪ್ಪಂದಕ್ಕೆ ಅಕ್ಕ ತಮ್ಮ ಎಂಬ ಭೇದವಿರಲಿಲ್ಲ. ಮುಂದಿನ ಸಾಲಿನಲ್ಲೇ, ಈಚೆಗೆ ಹೊಗೆ ಬಿಡಲು ಶುರು ಮಾಡಿದವರೂ ತಮ್ಮ ಪಾಲನ್ನು ಕಡಿಮೆ ಮಾಡತಕ್ಕದ್ದು ಎಂದಿತ್ತು. ಈ ಸಲ ಇನ್ನೊಮ್ಮೆ ಓದಿಸಿದವರು ಅಧ್ಯಕ್ಷರು. ಲಾಂಡ್ರಿಗೆ ದೊಡ್ಡ ಬಾಯ್ಲರ್ ಬಂದದ್ದು ಈಚೆಗೆ. ಅದಕ್ಕೆ ಸೌದೆಯ ಜೊತೆ ಹಳೆ ಟೈರಿನ ಚೂರೂ ಬೀಳುತ್ತದೆಂದು ಬೀದಿಗೆಲ್ಲ ಗೊತ್ತು. ಅದರ ಹಬೆ ನುಗ್ಗುತ್ತಿದ್ದುದು ನೇರ ಬೇಕರಿಯ ಹಿಟ್ಟು ಹುದುಗು ಬರಿಸುವ ಕೋಣೆಗೆ. ಗಡಿಯಾರದವರು ಮೆಲ್ಲಗೆ, ಬನ್ನಿನಲ್ಲಿ ಸೋಪಿನ ವಾಸನೆ ಬರುವುದನ್ನು ತಾವು ಇಷ್ಟು ದಿನ ಏನೋ ಹೊಸ ಎಸೆನ್ಸು ಎಂದುಕೊಂಡು ಹೊಗಳುತ್ತಿದ್ದುದಾಗಿ ಒಪ್ಪಿಕೊಂಡರು. ಕಟಿಂಗ್ ಅಂಗಡಿಯವರು ಕಣ್ಣುಜ್ಜಿಕೊಂಡು ಓದು ಎಲ್ಲಿಗೆ ಬಂತೆಂದು ಕೇಳಿದಾಗ, ಬಾಯ್ಲರಿಗೆ ಬಂತು ಎಂದು ಮೆಟ್ಟಿಲ ಮೇಲಿಂದ ಯಾರೋ ಹೇಳಿದರು.

ಆಮೇಲೆ ಆ ಸಾಲು ಬಂತು. ಯಾರು ಎಷ್ಟು ಕಡಿಮೆ ಮಾಡಬೇಕೆಂದು ಹೊರಗಿನವರು ಗೊತ್ತುಮಾಡತಕ್ಕದ್ದಲ್ಲ, ಪ್ರತಿಯೊಬ್ಬರೂ ತಮ್ಮ ಕೈಲಾದಷ್ಟನ್ನು ತಾವೇ ಸಭೆಯ ಮುಂದೆ ಹೇಳತಕ್ಕದ್ದು, ಬಲವಂತವಿಲ್ಲ. ಓದಿ ಭಾವ ನಿಂತರು. ಹೂಂ ಬರಲಿಲ್ಲ.

"ಬಲವಂತ ಇಲ್ವಾ ಭಾವ?" ಎಂದರು ಅಧ್ಯಕ್ಷರು.

"ಇಲ್ಲ."

"ಇಟ್ಟಿಗೆ ಕಟ್ಟೋಕೆ ಯಾರೂ ಬರಲ್ವಾ?"

"ಇದರಲ್ಲಿ ಇಟ್ಟಿಗೆ ಅನ್ನೋ ಮಾತೇ ಇಲ್ಲ."

ಎಲ್ಲರೂ ಕಟಿಂಗ್ ಅಂಗಡಿಯವರ ಕಡೆ ತಿರುಗಿದರು. ಅವರು ಅದನ್ನು ಗಿರಾಕಿಯೊಬ್ಬನ ಬಾಯಿಂದ ಕೇಳಿದ್ದಾಗಿಯೂ, ಆ ಗಿರಾಕಿಯ ಮುಖದ ತುಂಬ ನೊರೆಯಿದ್ದುದರಿಂದ ಯಾರೆಂದು ಈಗ ಹೇಳಲಾರೆನೆಂದೂ ತಿಳಿಸಿದರು.

ಅಧ್ಯಕ್ಷರು ಹಸಿರು ಬಟ್ಟೆಯ ಮೇಲಿನ ಇಲ್ಲದ ಧೂಳು ಕೊಡವಿದರು. ಜಗಳ ಶುರುವಾದ ದಿನ ಅಕ್ಕ ಮಸಿ ಹಿಡಿದ ಚಾದರವನ್ನು ಗಿರಾಕಿಗಳ ಎದುರಿಗೇ ಬನ್ನಿನ ತಟ್ಟೆಯ ಮೇಲೆ ಎಸೆದು, ಈಗಿಂದೀಗಲೇ ಒಲೆ ಆರಿಸು ಎಂದಿದ್ದಳು. ಆರಿಸು ಎಂದದ್ದಕ್ಕೇ ಅವರು ಇನ್ನೊಂದು ಹೊರೆ ಸೌದೆ ಒಟ್ಟಿದ್ದರು. ಹುಟ್ಟಿದಾಗಿನಿಂದ ಏಳು, ಕೂರು, ಮೂಗು ಒರೆಸಿಕೋ ಎಂದು ಅವಳು ಹೇಳುತ್ತಲೇ ಬಂದಿದ್ದಾಳೆ. ನೀನೇನು ಮಾಡಬಲ್ಲೆ, ನೀನೇ ಹೇಳು ಎಂದು ಯಾರಾದರೂ ಕೇಳಿದ್ದು ಇದೇ ಮೊದಲು. ಅದೂ ಅಮ್ಮನ ರಾಗದಲ್ಲಿ.

"ಆಸ್ಪತ್ರೆ ಬಟ್ಟೆ ಒಣಗೋ ದಿನ ಬೇಕರಿ ಒಲೆ ಹಚ್ಚಲ್ಲ" ಎಂದರು ಅವರು, ಯಾರ ಮುಖವನ್ನೂ ನೋಡದೆ. "ಹಿಂದಿನ ದಿನವೇ ಬೇಯಿಸ್ಕೋತೀನಿ. ಚಿಮಣಿಗೆ ಇನ್ನೊಂದು ಆಳುದ್ದ ಕೊಳವೆ ಏರಿಸ್ತೀನಿ. ಯಾರೋ ಹೇಳಿದ್ರು ಅಂತಲ್ಲ. ನಾನೇ ಹೇಳ್ತಿರೋದು."

"ಯಾರೂ ಹೇಳಿಲ್ಲ" ಎಂದಳು ಅಕ್ಕ. ಆಮೇಲೆ ಕೆಮ್ಮಿ, ಟೈರಿನ ಚೂರು ಇವತ್ತಿಗೆ ನಿಲ್ಲಿಸುತ್ತೇನೆ, ಹಬೆಯ ಕೊಳವೆಯನ್ನು ಆಚೆ ಬದಿಗೆ ತಿರುಗಿಸುತ್ತೇನೆ, ಇದೂ ತಾನೇ ಹೇಳುತ್ತಿರುವುದು ಎಂದಳು.

ಭಾವ ಹಾಳೆ ಹಿಡಿದು ನಿಂತೇ ಇದ್ದರು. "ಯಾರಾದ್ರೂ ಹೂಂ ಅನ್ನಿ" ಎಂದರು, "ನಾನು ಮುಂದಕ್ಕೆ ಹೋಗ್ಬೇಕು."

ಅಕ್ಕ ತಮ್ಮ ಒಟ್ಟಿಗೇ ಹೂಂ ಎಂದರು.

ಓದು ಮುಗಿದಾಗ ಬಿಸಿಲು ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಿತ್ತು. ಈಗ ಠರಾವಿನ ಮಾತು. ಪಕ್ಕದೂರಿನ ಫೋಟೋವನ್ನು ಯಾರೂ ಮರೆತಿರಲಿಲ್ಲ. ಒಪ್ಪಂದ ಕಿವಿಗೆ ಇಂಪಾಗಿದೆ, ಮಾತುಗಳೂ ನ್ಯಾಯವಾಗಿವೆ, ಆದರೆ ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ನಮ್ಮ ಪುರಸಭೆಯನ್ನು ಒಂದು ಮಾತು ಕೇಳಬೇಕಿತ್ತು ಎಂದು ಗಡಿಯಾರದವರು ಹೇಳಿದ್ದು ಎಲ್ಲರಿಗೂ ಹಿಡಿಸಿತು. ಎಲ್ಲ ಕೈಗಳೂ ಮೇಲೆದ್ದವು, ಎಲ್ಲಕ್ಕಿಂತ ಎತ್ತರಕ್ಕೆ ಅಕ್ಕನದು. ಹೇಳಿಸಿಕೊಳ್ಳುವುದು ಆ ಮನೆತನದಲ್ಲಿ ಯಾರಿಗೂ ಆಗಿಬಂದಿರಲಿಲ್ಲ. ಹೀಗೆ ಪುರಸಭೆ ಲೋಕದ ಒಪ್ಪಂದವನ್ನು ಒಕ್ಕೊರಲಿನಿಂದ ತಿರಸ್ಕರಿಸಿ, ಮೆಟ್ಟಿಲಿಳಿದು ಹೋಗಿ ಅದರಂತೆಯೇ ನಡೆಯತೊಡಗಿತು.

ಪೇಪರಿನ ಫೋಟೋದವನು ಬಂದದ್ದು ಮುಂದಿನ ವಾರ. ದೇವರ ದಯೆಯೋ ಪರೀಕ್ಷೆಯೋ, ಅದು ಆಸ್ಪತ್ರೆಯ ಬಟ್ಟೆಯ ದಿನ. ಅವನು ಅಧ್ಯಕ್ಷರನ್ನು ಬೇಕರಿಯ ತಾರಸಿಗೆ ಹತ್ತಿಸಿ, ಚಿಮಣಿಯ ಪಕ್ಕ ನಿಲ್ಲಿಸಿ, ಹಿಂದೆ ಕಪ್ಪಗೆ ಹೊಗೆ ಏಳಬೇಕು, ಆಗಲೇ ಫೋಟೋಗೆ ಒಂದು ಗತ್ತು, ಇಲ್ಲದಿದ್ದರೆ ಮೊದಲ ಪುಟದಲ್ಲಿ ಹಾಕುವುದಿಲ್ಲ ಎಂದ. ಒಲೆ ಹಚ್ಚಲು ಒಂದು ಕಡ್ಡಿ ಸಾಕಿತ್ತು. ಅಧ್ಯಕ್ಷರು ಮೀಸೆಗೆ ಬಣ್ಣ ಕೂಡ ಹಚ್ಚಿಸಿಕೊಂಡು ಬಂದಿದ್ದರು. ಪಕ್ಕದ ತಾರಸಿಯಲ್ಲಿ ಚಾದರಗಳು ಸಾಲಾಗಿ ಹಾರುತ್ತಿದ್ದವು. ಎರಡು ಚಾದರಗಳ ನಡುವೆ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು, ಅಕ್ಕ ನಿಂತಿದ್ದಳು. ಅವಳು ಏನೂ ಹೇಳಲಿಲ್ಲ. ಅವಳಿಗದು ಎಷ್ಟು ಕಷ್ಟವೆಂದು ತಮ್ಮನಿಗೆ ಗೊತ್ತಿತ್ತು.

"ಇವತ್ತು ಹೊಗೆ ಇಲ್ಲಪ್ಪ" ಎಂದರು ಅಧ್ಯಕ್ಷರು. "ಹೇಗಿದೆಯೋ ಹಾಗೇ ತೆಗಿ."

ಫೋಟೋದವನು ಗೊಣಗುತ್ತಾ ಕ್ಯಾಮೆರಾ ಎತ್ತಿದ. ಆಗ ಅಕ್ಕ ಕ್ಲಿಪ್ಪನ್ನು ಬಾಯಿಂದ ತೆಗೆದಳು.

"ಏ ತಮ್ಮಾ, ಆ ಮುದುರಿದ ಅಂಗೀಲಿ ಪೇಪರಿಗೆ ಹೋಗ್ತೀಯೇನೋ? ಬಿಚ್ಚಿ ಕೊಡು ಇಲ್ಲಿ."

ಇದು ಹೇಳಿದ್ದೇ, ಬಲವಂತವೇ, ಅದೂ ಹೊರಗಿನವನ ಎದುರಿಗೆ. ಆದರೂ ಅಧ್ಯಕ್ಷರು ಬನಿಯನ್ನಿನಲ್ಲಿ ನಿಂತು, ಅಂಗಿಯನ್ನು ಉಂಡೆ ಮಾಡಿ ತಾರಸಿಯಿಂದ ತಾರಸಿಗೆ ಎಸೆದು, ಅದು ಬಿಸಿಬಿಸಿಯಾಗಿ ವಾಪಸು ಬರುವ ತನಕ ಕಾದರು.

ಸಂಜೆ ನರ್ಸಮ್ಮ ಚಾದರಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಏನೂ ಸಿಗದೆ, ನಾಳೆ ರೋಗಿಗಳ ಅಂಗಿಗಳನ್ನೂ ಕಳಿಸುವುದಾಗಿ ಹೇಳಿ ಹೋದರು. ಫೋಟೋ ಪೇಪರಿನ ಒಳಪುಟದಲ್ಲಿ ಬಂತು. ಅದರಲ್ಲಿ ಗರಿಗರಿ ಅಂಗಿ ತೊಟ್ಟ ಅಧ್ಯಕ್ಷರು ಖಾಲಿ ಚಿಮಣಿಯತ್ತ ಬೆರಳು ತೋರಿಸುತ್ತಿದ್ದರು. ಕೆಳಗೆ, ಜಾಗತಿಕ ಒಪ್ಪಂದಕ್ಕೆ ಉಗ್ರ ವಿರೋಧ ಎಂದಿತ್ತು. ಭಾವ ಅದನ್ನು ಲಾಂಡ್ರಿಯಲ್ಲಿ ಕೂತು ರಾಗವಾಗಿ ಓದಿ ನಿಂತಾಗ ಅಕ್ಕನ ಬಾಯಿ ತುಂಬ ಬನ್ನಿತ್ತು. ಹೂಂ ಬಂದದ್ದು ಗೋಡೆಯ ಆಚೆಯಿಂದ, ಇಟ್ಟಿಗೆಯ ಮೂಲಕ.