ಬೀಗಕ್ಕೆ ಬಿಟ್ಟ ಸೀಮೆಎಣ್ಣೆ

ರಾಮನಗರದ ಆ ಬೀದಿಯಲ್ಲಿ ಕರೀಮುನ್ನೀಸಾಳ ಬಾಯಿಗೆ ಹೆದರದವರಿಲ್ಲ. ಅಂಥವಳ ನಿದ್ದೆಗೆಡಿಸಿದ್ದು ಅವಳದೇ ಹಿತ್ತಲಿನ ಬಾವಿ. ಪಕ್ಕದ ಪೆಟ್ರೋಲ್ ಬಂಕಿನ ನೆಲದೊಳಗಿನ ಟ್ಯಾಂಕು ಸೋರಿ, ಬಾವಿ ನೀರಿಗೆಲ್ಲ ಪೆಟ್ರೋಲ್ ವಾಸನೆ ಹಿಡಿದಿತ್ತು. ಆ ನೀರಿನಲ್ಲಿ ರೇಷ್ಮೆಗೂಡು ಬೇಯಿಸಿ ಅವಳು ತೆಗೆದ ನೂಲನ್ನು ವ್ಯಾಪಾರಿಗಳು ಮೂಸಿ ನೋಡಿ, "ಈ ಸೀರೆ ಉಟ್ಟೋರು ಒಲೆ ಹತ್ರ ಹೋಗಂಗಿಲ್ಲ ಬುಡಮ್ಮ" ಎಂದು ನಕ್ಕಿದ್ದರು. ಬಾವಿಗೆ ಮುಚ್ಚಳ ಬಿತ್ತು. ಟ್ಯಾಂಕರಿನ ಗಡಸು ನೀರಿನಲ್ಲಿ ತೆಗೆದ ನೂಲಿಗೆ ವಾಸನೆಯೇನೋ ಇರಲಿಲ್ಲ, ಹೊಳಪೂ ಇರಲಿಲ್ಲ.

ಬಂಕಿನವರು ಟ್ಯಾಂಕು ಬದಲಿಸಿದರು, ತಿಂಗಳುಗಟ್ಟಲೆ ಪಂಪು ಹಾಕಿ ಕೆಟ್ಟ ನೀರು ತೆಗೆಸಿದರು. ಬಾವಿಯ ಮಗ್ಗುಲಲ್ಲಿ ಒಂದು ಪೈಪು ಇಳಿಸಿ, ಮುಚ್ಚಳ ಹಾಕಿ, ಬೀಗ ಜಡಿದರು. ಮೂರು ತಿಂಗಳಿಗೊಮ್ಮೆ ಲ್ಯಾಬಿನ ರಾಮಲಿಂಗಯ್ಯ ಬಂದು ಆ ಪೈಪಿನಿಂದ ನೆಲದಡಿಯ ನೀರಿನ ಸ್ಯಾಂಪಲ್ ಒಯ್ಯುತ್ತಿದ್ದರು. ಸತತ ನಾಲ್ಕು ಸಲ ನೀರು ಶುದ್ಧ ಎಂದು ಬಂದರೆ ಬಾವಿ ತೆರೆಯಬಹುದು. ಮೂರು ಸಲ ಬಂದಾಗಿತ್ತು. ಇವತ್ತು ನಾಲ್ಕನೆಯದು.

ಹೋದ ಸಲ ತುಕ್ಕು ಹಿಡಿದ ಬೀಗದ ಜೊತೆ ಗುದ್ದಾಡಿ ರಾಮಲಿಂಗಯ್ಯನವರ ಬೆರಳು ತರಚಿತ್ತು. ಪಾಪ, ನಮ್ಮ ಕೆಲಸಕ್ಕೆ ಬರುವ ಮನುಷ್ಯ ಎಂದುಕೊಂಡು ಕರೀಮುನ್ನೀಸಾ ಬೆಳಿಗ್ಗೆಯೇ, ಎಲ್ಲರೂ ಮಾಡುವಂತೆ, ಬೀಗಕ್ಕೆ ಸೀಮೆಎಣ್ಣೆ ಬಿಟ್ಟಳು. ಕೈ ಧಾರಾಳದ್ದು. ಎಣ್ಣೆ ಮುಚ್ಚಳದ ಸಂದಿಯಲ್ಲಿ ಪೈಪಿನೊಳಗೆ ಇಳಿದದ್ದು ಕಂಡು ಕೂಗಿಕೊಂಡಳು.

"ಅಯ್ಯೋ ಅಲ್ಲಾ, ನಮ್ ಕೈಯಾರೆ ನಾವೇ ಹಾಳ್ಮಾಡ್ಕೊಂಡ್ಬುಟ್ವಿ!"

ಗಂಡ ತಾಜ್ ಪಾಷಾ ಅತ್ತಿತ್ತ ನೋಡಿದ. "ಬಾಯ್ಮುಚ್ಕೊಂಡಿರು. ಅವ್ರು ಮೊದ್ಲು ಹಳೇ ನೀರು ತೆಗ್ದು ಚೆಲ್ತಾರಲ್ಲ, ಅದ್ರಲ್ಲೇ ಹೊಂಟೋಯ್ತದೆ. ಹೇಳ್ಬುಟ್ರೆ ಬೇಕಂತಲೇ ಸುರುದ್ರಿ ಅಂತ ಕೇಸ್ ಹಾಕ್ತಾರೆ."

ರಾಮಲಿಂಗಯ್ಯ ಬಂದರು. ಮೂಸಿದ ಕೂಡಲೇ ಗುಟ್ಟು ಬಯಲಾಗುತ್ತದೆ ಎಂದು ಗಂಡ ಹೆಂಡತಿ ಅವರ ಮೂಗನ್ನೇ ನೋಡುತ್ತ ನಿಂತರು. ಆ ಪುಣ್ಯಾತ್ಮರಿಗೋ ಜೋರು ನೆಗಡಿ, ಮೂಗು ಪೂರಾ ಕಟ್ಟಿತ್ತು.

"ಬೀಗ ಈ ಸಲ ಎಷ್ಟು ಸಲೀಸಾಗ್ ಬಂತಲ್ಲಮ್ಮ!" ಎಂದು ಖುಷಿಪಟ್ಟು, ಪೈಪಿಗೆ ಪುಟ್ಟ ಪಂಪು ಇಳಿಸಿ ಹಳೆಯ ನೀರು ತೆಗೆಯತೊಡಗಿದರು. ಆಮೇಲೆ ಐಸ್ ಪೆಟ್ಟಿಗೆಯಿಂದ ಸೀಸೆ ತೆಗೆದರು. "ಇದೂ ಒಳ್ಳೇದೇ ಬರ್ಲಿ ತಾಯಿ. ಕೆಟ್ಟು ಬಂದ್ರೆ ಟ್ಯಾಂಕು ತಿರ್ಗ ಸೋರ್ತೈತೆ ಅಂತ ಬಂಕಿನ ಬಾಗ್ಲು ಹಾಕಿಸ್ಬುಡ್ತಾರೆ."

ಎರಡು ವರ್ಷದಿಂದ ಬಂಕಿನವರ ಮನೆ ಹಾಳಾಗಲಿ ಎಂದು ಶಪಿಸುತ್ತಿದ್ದವಳು ಅವಳು. ಆದರೂ ತಾನು ಬಿಟ್ಟ ಎಣ್ಣೆಯಿಂದ ಅವರ ಬಾಗಿಲು ಮುಚ್ಚುವುದು ಅವಳ ಮನಸ್ಸಿಗೆ ಒಪ್ಪಲಿಲ್ಲ.

"ನಿಲ್ಸಿ ಸಾರ್! ಆ ನೀರು ತುಂಬಬ್ಯಾಡಿ. ಬೀಗಕ್ಕೆ ನಾನೇ ಸೀಮೆಎಣ್ಣೆ ಬುಟ್ಟೆ. ಪೈಪೊಳಕ್ಕೂ ಹೋಗೈತೆ."

ತಾಜ್ ಪಾಷಾ ಅವಳ ಸೆರಗು ಜಗ್ಗಿದ. ರಾಮಲಿಂಗಯ್ಯ ಸೀಸೆ ನೋಡಿದರು, ಬೀಗ ನೋಡಿದರು, ಒಂದು ಸೀನು ಸೀನಿ ಗಹಗಹಿಸಿ ನಕ್ಕರು.

"ನನ್ ಮೂಗು ಸತ್ತೈತೆ ಕಣಮ್ಮ, ಗೊತ್ತೇ ಆಯ್ತಿರ್ಲಿಲ್ಲ. ಸೀಸೆ ಲ್ಯಾಬಿಗೆ ಹೋಗಿದ್ರೆ ತಿರ್ಗ ಮೊದ್ಲಿಂದ ಎಣಿಸ್ಬೇಕಿತ್ತು. ಹೇಳಿ ಒಳ್ಳೇದ್ ಮಾಡಿದ್ರಿ."

ಅಲ್ಲಿಂದಲೇ ಆಫೀಸಿಗೆ ಫೋನು ಮಾಡಿ ನಡೆದದ್ದು ನಡೆದಂತೆ ಹೇಳಿದರು. ಪೈಪು ತೊಳೆದು, ಕೆಲವು ದಿನ ಬಿಟ್ಟು ಮತ್ತೆ ಸ್ಯಾಂಪಲ್ ತೆಗೆಯುವುದೆಂದು ಆಯಿತು. ಸಂಜೆಯವರೆಗೆ ಮೂವರೂ ಸೇರಿ ಪೈಪು ತೊಳೆದರು. ಎಲ್ಲರಿಗಿಂತ ಹೆಚ್ಚು ಗೊಣಗಿದವನು, ಬಾಯಿ ಮುಚ್ಚಿಕೊಂಡಿರು ಎಂದವನೇ.

ಹೊಸ ಸ್ಯಾಂಪಲ್ ಶುದ್ಧ ಬಂತು. ಬಾವಿ ತೆರೆಯುವ ಆದೇಶ ಹಿಡಿದು ರಾಮಲಿಂಗಯ್ಯನವರೇ ಬಂದರು. ಬಾವಿಯ ಮುಚ್ಚಳ ಸರಿಸಿ ಕರೀಮುನ್ನೀಸಾ ಮೊದಲ ಬಕೆಟ್ ಸೇದಿದಾಗ ಅವರು ಬೊಗಸೆಯೊಡ್ಡಿ, "ಬಿಸಿಲಲ್ಲಿ ಬಂದಿವ್ನಿ, ಮೊದ್ಲು ನಂಗೆ" ಎಂದರು.

"ಒಸಿ ತಡೀರಿ ಸಾರ್. ಮೊದ್ಲು ಗೂಡಿಗೆ."

ನೀರು ಕಾಯಿತು, ಗೂಡು ಬೆಂದಿತು. ಅವಳು ಎಳೆ ಹಿಡಿದು ಚರಕಕ್ಕೆ ಹಚ್ಚಿದಳು. ತಿರುಗುತ್ತ ತಿರುಗುತ್ತ ನೂಲು ಹಳದಿಯಾಗಿ, ಹಿಂದಿನಂತೆಯೇ ಹೊಳೆಯತೊಡಗಿತು. ಕರೀಮುನ್ನೀಸಾ ಅಳುತ್ತಲೇ ನಗುತ್ತಿದ್ದಳು, ತಾಜ್ ಪಾಷಾ ಚರಕ ತಿರುಗಿಸುತ್ತಿದ್ದ. ರಾಮಲಿಂಗಯ್ಯನವರ ಬಾಯಾರಿಕೆ ಯಾರಿಗೂ ನೆನಪಾಗಲಿಲ್ಲ, ಅವರಿಗೂ ಕೂಡ.