ಬೇಡ ಎಂದದ್ದು

ಅಣ್ಣನ ಕೂದಲಲ್ಲಿ ಒಣಗಿ ಗಟ್ಟಿಯಾಗಿದ್ದ ಬಿಳಿ ಅಂಟನ್ನು ತಂಗಿ ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆಯುತ್ತಿದ್ದಳು. ತಂತಿಗಳ ಟೊಪ್ಪಿಗೆ ನೆತ್ತಿಗೆ ಕೂರಲೆಂದು ಹಚ್ಚುತ್ತಿದ್ದ ಅಂಟು ಅದು.

"ಆಸ್ಪತ್ರೆಗೆ ಸೇರಿಸಿದ್ರೆ ಇನ್ನಷ್ಟು ದಿನ ಇರ್ತಿದ್ದ, ಅತ್ತಿಗೆ."

"ಅವರೇ ಬೇಡ ಅಂದ್ರು ಕಣೇ," ಎಂದಳು ಹೆಂಡತಿ. ಬೆಳಗಿನಿಂದ ಬಂದವರಿಗೆಲ್ಲ ಅದನ್ನೇ ಹೇಳಿದ್ದಳು. ಆ ಮಾತೊಂದೇ ಅವಳನ್ನು ಎತ್ತಿ ಹಿಡಿದಿತ್ತು.

ಬಾಗಿಲ ಬಳಿ ಅಣ್ಣನ ಬಸ್ಸಿನ ಕಂಡಕ್ಟರ್ ಪಕ್ಕದ ಮನೆಯವನಿಗೆ ಹೇಳುತ್ತಿದ್ದ: "ಹಾರ್ನಣ್ಣ ಅಂತ ಹೆಸರಿಟ್ಟವನೇ ನಾನು. ಇಷ್ಟು ವರ್ಷ ಬಸ್ ಓಡಿಸಿದ, ಹಾರ್ನ್ ಮುಟ್ಟಿದ್ದು ಕಾಣೆ. ಕತ್ತೆ ಅಡ್ಡ ನಿಂತ್ರೂ, ಅದರ ಯೋಚನೆ ಮುಗೀಲಿ ಅಂತ ಕಾಯೋನು."

"ನೀನು ಬಾಯಲ್ಲೇ ಹೊಡೀತಿದ್ದೆಯಲ್ಲ."

"ಅದಕ್ಕೇ ಜೋಡಿ ಸರಿಹೋಯ್ತು."

*

ಕಾಯಿಲೆ ಮೊದಲು ಕಾಲನ್ನು, ಆಮೇಲೆ ಕೈಯನ್ನು, ಕೊನೆಗೆ ನಾಲಿಗೆಯನ್ನು ಕಟ್ಟಿಹಾಕಿತು. ಅರಿವನ್ನು ಮಾತ್ರ ದೇವರು ಹಾಗೇ ಬಿಟ್ಟಿದ್ದ, ಮುಟ್ಟಿದರೆ ತಿಳಿಯುತ್ತಿತ್ತು.

ಮನೆಯವರೆಲ್ಲ ಯಂತ್ರದ ಮೇಷ್ಟ್ರು ಎನ್ನುತ್ತಿದ್ದವರು ಬಂದು ಯಂತ್ರ ಜೋಡಿಸಿ ಟೊಪ್ಪಿಗೆ ತೊಡಿಸಿದರು. "ಹೌದು ಅನ್ನೋಕೆ ಬಲಗೈಲಿ ಸ್ಟೀರಿಂಗ್ ಎಳೆದ ಹಾಗೆ ಅಂದ್ಕೊಳ್ಳಿ, ಅಣ್ಣ. ಬೇಡ ಅನ್ನೋಕೆ ಎಡಗೈ. ಅಂದ್ಕೊಂಡ್ರೆ ಸಾಕು, ಕೈ ಆಡಬೇಕಿಲ್ಲ."

ಮನಸ್ಸಿನಲ್ಲಿ ಕೈ ಆಡಿದಾಗ ಮಿದುಳಿನ ಅಲೆ ಬದಲಾಗುತ್ತಿತ್ತು. ಯಂತ್ರ ಅದನ್ನು ಹಿಡಿದು ಪರದೆಯ ಮೇಲಿನ ಚುಕ್ಕೆಯನ್ನು ಬಲಕ್ಕೋ ಎಡಕ್ಕೋ ಸರಿಸುತ್ತಿತ್ತು.

"ಕಿಟಕಿ ತೆಗೀಲಾ?" ಎಂದು ಹೆಂಡತಿ ಮೊದಲು ಕೇಳಿದ್ದಳು. ಚುಕ್ಕೆ ಬಲಕ್ಕೆ ಹೋಯಿತು. ಆ ದಿನ ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟಳು.

*

ಮಧ್ಯಾಹ್ನ ಮೇಷ್ಟ್ರು ಬಂದು ಕೈಮುಗಿದು, ತಂತಿ ಸುತ್ತಲು ಕೂತರು.

"ನೀವೇ ಹೇಳಿ ಇವಳಿಗೆ," ಎಂದಳು ಹೆಂಡತಿ. "ನಿನ್ನೆ ಉಸಿರು ಕಟ್ಟಿದಾಗ, ಆಸ್ಪತ್ರೆಗೆ ಹೋಗೋಣ್ವಾ ಅಂತ ಮತ್ತೆ ಮತ್ತೆ ಕೇಳ್ದೆ. ಚುಕ್ಕೆ ಎಡಕ್ಕೇ ಹೋಯ್ತು."

"ಜೊತೇಲಿ ಯಾರಿದ್ರು, ಅಮ್ಮ?"

"ನಾನೇ. ಪಾಪ, ಹೆದರಿದ್ರು. ಈ ಕೈ ಸವರ್ತಾನೇ ಇದ್ದೆ." ಗಂಡನ ಎಡಗೈಯನ್ನು ಎತ್ತಿ ತೋರಿಸಿದಳು.

ತಂತಿ ಸುತ್ತುತ್ತಿದ್ದ ಬೆರಳುಗಳು ನಿಂತವು.

"ಯಾಕೆ ಮೇಷ್ಟ್ರೇ?"

"ಏನಿಲ್ಲ."

"ಹೇಳಿ. ಇನ್ನೇನಾಗಬೇಕಿದೆ?"

"ಎಡಗೈ ಸವರಿದ್ರೂ, ಬೇಡ ಅಂದ್ಕೊಂಡ ಹಾಗೇ ಅಲೆ ಬದಲಾಗುತ್ತೆ, ಅಮ್ಮ. ಯಂತ್ರಕ್ಕೆ ಎರಡೂ ಒಂದೇ."

ಅವಳು ಗಂಡನ ಕೈಯನ್ನು ಕೆಳಗಿಟ್ಟಳು. "ಹಾಗಾದ್ರೆ ಹೋಗೋಣ ಅಂದಿದ್ರಾ?"

"ಅದು ಇನ್ನು ಗೊತ್ತಾಗೋ ಹಾಗಿಲ್ಲ."

ಹೊರುವವರು ಒಳಗೆ ಬಂದರು. ಕಂಡಕ್ಟರ್ ಹೂವಿನ ಬುಟ್ಟಿಯನ್ನು ಅವಳ ಮುಂದೆ ಹಿಡಿದ. "ತಗೊಳ್ಳಿ, ಅತ್ತಿಗೆ."

ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡಿದ್ದಳು. ಎಷ್ಟು ಕಾದರೂ ಅವು ಹೊರಗೆ ಬರಲಿಲ್ಲ. ಕೊನೆಗೆ ನಾದಿನಿಯೇ ಒಂದು ಹಿಡಿ ಹೂವನ್ನು ಅಣ್ಣನ ಎದೆಯ ಮೇಲಿಟ್ಟಳು. ಅತ್ತಿಗೆಯ ಪಾಲಿಗೆಂದು ಇನ್ನೊಂದು ಹಿಡಿ ಇಟ್ಟಳು.