ಟೈಲರಮ್ಮನ ಬಾಯಿಂದಲೇ

ಹಣ ಹೂಡುವವರಿಗೆ ಸಲಹೆ ಕೊಡುವ ಆ ಆಫೀಸಿನಲ್ಲಿ ಗ್ರಾಹಕರ ಫೋನುಗಳನ್ನೆಲ್ಲ ಎತ್ತುವವಳು ಅವಳೊಬ್ಬಳೇ. ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಸುಮ್ಮನೆ ಬಿದ್ದ ಹೆಸರಲ್ಲ; ಅವಳ ಬಾಯಿಗೆ ಬೀಗವೇ ಇರಲಿಲ್ಲ. ಪಾಸ್‌ವರ್ಡ್ ಮರೆತುಹೋಯಿತೆಂದು ಫೋನ್ ಮಾಡಿದವರು ಮೊಮ್ಮಗಳ ಹಲ್ಲುನೋವಿನ ಕತೆ ಹೇಳಿಯೇ ಇಡುತ್ತಿದ್ದರು.

ಅಂದು ಬೆಳಿಗ್ಗೆ ಹಳೆಯ ಗ್ರಾಹಕಿ ಟೈಲರಮ್ಮನ ಮಗ ಬಂದು ಪತ್ರ ಕೊಟ್ಟುಹೋಗಿದ್ದ. ಅಮ್ಮ ಜೀವಮಾನವಿಡೀ ಹೊಲಿಗೆ ಮೆಷಿನ್ ತುಳಿದು ಕೂಡಿಟ್ಟ ದುಡ್ಡನ್ನೆಲ್ಲ ತೆಗೆದು ಅವನ ಹೊಸ ಅಂಗಡಿಗೆ ಕೊಡಬೇಕಂತೆ. ಕೆಳಗೆ ಅಮ್ಮನ ಸಹಿಯೂ ಇತ್ತು. ಆದರೆ ದುಡ್ಡು ತೆಗೆಯುವ ಮುನ್ನ ಗ್ರಾಹಕರಿಗೆ ಫೋನ್ ಮಾಡಿ ಅವರ ಬಾಯಿಂದಲೇ ಒಪ್ಪಿಗೆ ಕೇಳಬೇಕು, ಅದು ರೆಕಾರ್ಡ್ ಆಗಬೇಕು ಎಂಬುದು ಆಫೀಸಿನ ನಿಯಮ. ಟೈಲರಮ್ಮನಿಗೋ ಲಕ್ವ ಹೊಡೆದ ಮೇಲೆ ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ.

“ಪಾಪ, ಅವರಿಗೆ ಮಾತು ಬರಲ್ಲ. ಮಗ ಹೇಳಿದ್ದನ್ನೇ ಬರ್ಕೊಂಡು ಮುಗಿಸ್ಬಿಡಿ,” ಎಂದರು ಸಲಹೆಗಾರರು. ಕೆಟ್ಟವರೇನಲ್ಲ, ಅವಸರದ ಮನುಷ್ಯ.

“ಮಾತು ನಿಧಾನ ಆಗಿದೆ ಸಾರ್, ನಿಂತಿಲ್ಲ. ಅವರ ಬಾಯಿಂದ ಕೇಳ್ದೆ ನಾನು ಮುಂದೆ ಕಳ್ಸಲ್ಲ.”

“ಎಷ್ಟು ಹೊತ್ತು ಕಾಯ್ತೀರಿ?”

“ಅವರು ಹೇಳೋವರ್ಗೂ.”

ರೇಡಿಯೋ ನಂಬರ್ ಒತ್ತಿದಳು. ಫೋನ್ ಎತ್ತಿದವನು ಮಗನೇ. “ಅಮ್ಮಾ, ಆಫೀಸಿಂದ. ಹ್ಞೂಂ ಅನ್ನು ಸಾಕು,” ಎಂದ.

“ಅಣ್ಣಾ, ನೀವು ಹೇಳ್ಕೊಡ್ಬೇಡಿ. ಸ್ಪೀಕರ್ ಹಾಕಿ ಅಮ್ಮನ ಮುಂದೆ ಇಡಿ,” ಎಂದಳು ರೇಡಿಯೋ. ಆಮೇಲೆ ಪತ್ರದಲ್ಲಿದ್ದುದನ್ನು ಓದಿ, “ಅಮ್ಮಾ, ನಿಮ್ಮ ದುಡ್ಡು. ಏನು ಮಾಡ್ಲಿ ಹೇಳಿ,” ಎಂದು ಸುಮ್ಮನಾದಳು.

ಸುಮ್ಮನಾಗುವುದೇನು ಸುಲಭವೇ? ಅದೂ ಅವಳಿಗೆ! ಆ ಕಡೆಯಿಂದ ಬರೀ ಉಸಿರು. ‘ಹ್ಞೂಂ ಅಂದ್ರಾ ಅಮ್ಮಾ?’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟು ಕೇಳಿದ್ದರೆ ಸಾಕಿತ್ತು, ಆಕೆ ಹ್ಞೂಂ ಎಂದುಬಿಡುತ್ತಿದ್ದಳು. ತಡವರಿಸುವವರ ಬಾಯಿಗೆ ನಾವೇ ಮಾತು ತುರುಕಿದರೆ ಅವರು ನುಂಗಿಕೊಳ್ಳದೆ ಇನ್ನೇನು ಮಾಡಿಯಾರು? ರೇಡಿಯೋ ತುಟಿ ಕಚ್ಚಿ ಹಿಡಿದಳು. ಸಲಹೆಗಾರರು ಗಾಜಿನ ಬಾಗಿಲಾಚೆಯಿಂದ ‘ಇಟ್ಬಿಡಿ’ ಎಂದು ಕೈಸನ್ನೆ ಮಾಡಿದರು. ಅವಳು ಅವರಿಗೆ ಬೆನ್ನು ತಿರುಗಿಸಿ ಕೂತಳು. ಕೆಲಸ ಹೋದರೂ ಸರಿ, ಈ ಫೋನ್ ಇಡುವುದಿಲ್ಲ ಎಂದುಕೊಂಡಳು.

“ಅ...” ಎಂದಳು ಟೈಲರಮ್ಮ.

“ಆಯ್ತು ಅಂತಿದಾಳೆ!” ಎಂದ ಮಗ.

“ಅಣ್ಣಾ, ದಮ್ಮಯ್ಯ ಅಂತೀನಿ, ಸುಮ್ನಿರಿ.”

ಮತ್ತೆ ಉಸಿರು. ಮತ್ತೆ ಕಾಯುವಿಕೆ.

“ಅ... ರ್ಧ,” ಎಂದಳು ಟೈಲರಮ್ಮ. ಒಂದೊಂದೇ ಮಾತನ್ನು ಎಳೆದು ತಂದಳು. “ಅರ್ಧ... ಅವನಿಗೆ. ಅರ್ಧ... ನಂಗಿರ್ಲಿ.”

ಇಂಥದೊಂದು ಉತ್ತರ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ರೇಡಿಯೋಗೂ ಕೂಡ. ಅವಳು ಅದನ್ನೇ ಬರೆದುಕೊಂಡು ಓದಿ ಕೇಳಿಸಿದಳು. ಈ ಸಲ ‘ಹ್ಞೂಂ’ ಬೇಗ ಬಂತು.

“ಅಮ್ಮಾ, ಸಹಿ ಹಾಕುವಾಗ್ಲೇ ಯಾಕೆ ಹೇಳ್ಲಿಲ್ಲ?” ಮಗನ ದನಿಯಲ್ಲಿ ಸಿಟ್ಟಿಗಿಂತ ಪೆಚ್ಚೇ ಹೆಚ್ಚಾಗಿತ್ತು.

“ಹೇ... ಳ್ತಿದ್ದೆ. ನೀನು... ಕಾಯ್ಲಿಲ್ಲ.”

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು.

“ಈಗ ಹೇಳಮ್ಮಾ,” ಎಂದ ಮಗ.